ಪಾಸಾ: ಒಣದ್ರಾಕ್ಷಿಯೂ ಹೌದು, ‘ನಡಿ ಒಳಗ’ ಅನ್ನೋ ಮಾತೂ ಹೌದು

ಸ್ಪ್ಯಾನಿಷ್ ಕಲಿಯಲು ಕೂತವರ ಕಿವಿಗೆ ಶುರುವಿನಲ್ಲೇ ಬೀಳುವ ಒಂದು ಮಾತಿದೆ: ‘ಕೇ ಪಾಸಾ?’ ಏನಾಯ್ತು, ಏನು ಸಮಾಚಾರ ಅಂತ ಅರ್ಥ. ಇದರಲ್ಲಿರುವ ‘ಪಾಸಾ’ ಕ್ರಿಯಾಪದ. ಅದೇ ‘ಪಾಸಾ’ ನಾಮಪದವಾಗಿ ಬಂದರೆ ಒಣದ್ರಾಕ್ಷಿ. ಬರೆಯುವುದೂ ಒಂದೇ ಥರ, ಹೇಳುವುದೂ ಒಂದೇ ಥರ. ಬೇರೆಯವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಮನೆ ನಡೆಯುವುದೇ ಒಣದ್ರಾಕ್ಷಿಯಿಂದ. ಹಾಗಾಗಿ ಈ ಒಂದು ಪದವನ್ನು ಪೂರ್ತಿ ತಿಳಿಯದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಹೊಲ ಇರುವುದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಥಾಮ್ಸನ್ ಸೀಡ್‌ಲೆಸ್ ಬಳ್ಳಿ. ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಬೇಸಿಗೆ ಶುರುವಾಗುವ ಹೊತ್ತಿಗೆ ಗೊನೆ ಕೊಯ್ದು ಶೆಡ್‌ಗೆ ತಂದು ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತೇವೆ. ಹೊಲ ಅಣ್ಣನದು, ಲೆಕ್ಕಪತ್ರ ನನ್ನದು.

ಮಳೆಗಾಲದಲ್ಲಿ ಶೆಡ್ ಖಾಲಿ ಇರುತ್ತದೆ. ಅಂಥ ದಿನಗಳಲ್ಲಿ ಬೇರೆ ದೇಶದವರು ಒಣದ್ರಾಕ್ಷಿ ಹೇಗೆ ಮಾಡುತ್ತಾರೆ ಅಂತ ಫೋನ್‌ನಲ್ಲಿ ನೋಡುತ್ತಾ ಕೂರುತ್ತಿದ್ದೆ. ಹಾಗೆ ಸಿಕ್ಕಿದ್ದು ಸ್ಪೇನ್‌ನ ದಕ್ಷಿಣದ ಮಾಲಗಾ ಪ್ರಾಂತದ ವಿಡಿಯೊ. ಕಡಿದಾದ ಗುಡ್ಡದ ಇಳಿಜಾರು. ಅಲ್ಲಿ ನೆಲದ ಮೇಲೆ, ನೇರ ಬಿಸಿಲಿಗೆ, ಗೊನೆಗಳನ್ನು ಸಾಲಾಗಿ ಹರಡಿದ್ದರು. ನಾವು ನೆರಳಲ್ಲಿ ಒಣಗಿಸುವ ಮಂದಿ. ಬಿಸಿಲು ಬಿದ್ದರೆ ಬಣ್ಣ ಕೆಡುತ್ತದೆ ಅಂತ ಜೀವ ಬಿಡುವವರು. ಇವರು ಯಾಕೆ ಬೇಕಂತಲೇ ಬಿಸಿಲಿಗೆ ಹಾಕುತ್ತಾರೆ? ವಿಡಿಯೊದಲ್ಲಿ ಒಬ್ಬ ಅಜ್ಜ ಗೊನೆ ಒಂದೊಂದನ್ನೇ ಮಗುಚುತ್ತಾ ಏನೇನೋ ಹೇಳುತ್ತಿದ್ದರು. ಕೆಲಸ ನನಗೆ ಪರಿಚಯದ್ದು, ಮಾತು ಮಾತ್ರ ಒಂದೂ ತಿಳಿಯಲಿಲ್ಲ. ಆ ಅಜ್ಜನ ಮಾತು ತಿಳಿಯಬೇಕು ಅಂತ ಬಹಳ ಅನ್ನಿಸಿತು. ಸ್ಪ್ಯಾನಿಷ್ ಶುರು ಮಾಡಿದ್ದು ಅದಕ್ಕೇ.

ಮೊದಲು ಫೋನ್‌ನ ಆ್ಯಪ್‌ನಲ್ಲಿ ಕಲಿತೆ. ಸೇಬು, ಹಾಲು, ಬೆಕ್ಕು, ಹುಡುಗ ನೀರು ಕುಡಿಯುತ್ತಾನೆ, ಇಂಥವೇ. ಕೆಟ್ಟದ್ದಲ್ಲ, ಆದರೆ ಅದರಿಂದ ಅಜ್ಜನ ಹತ್ತಿರಕ್ಕೂ ಹೋಗಲು ಆಗುವುದಿಲ್ಲ ಅಂತ ಬೇಗ ಗೊತ್ತಾಯಿತು. ಆಮೇಲೆ ಆನ್‌ಲೈನ್‌ನಲ್ಲಿ ಪಾಠ ಹೇಳುವವರನ್ನು ಹುಡುಕಿದೆ. ಹುಡುಕುವಾಗಲೇ ಮಾಲಗಾ ಕಡೆಯವರೇ ಬೇಕು ಅಂತ ಇಟ್ಟುಕೊಂಡಿದ್ದೆ. ಒಬ್ಬ ಟೀಚರ್ ಸಿಕ್ಕರು. ಅವರ ಊರಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಅವರ ಮಧ್ಯಾಹ್ನ ಅಂದರೆ ನಮ್ಮ ಸಂಜೆ. ಊಟಕ್ಕೆ ಮೊದಲು ಪಾಠ ಮುಗಿಯುತ್ತಿತ್ತು.

‘ಕೇ ಪಾಸಾ’ ನನಗೆ ಗಟ್ಟಿಯಾಗಿ ಕೂತಿದ್ದು ಅವರ ಬಾಯಲ್ಲಿ ಕೇಳಿಯೇ. ಕರೆ ಹಿಡಿಯದಿದ್ದರೆ ‘ಕೇ ಪಾಸಾ?’ ನಾನು ಉತ್ತರ ಹುಡುಕುತ್ತಾ ಸುಮ್ಮನಾದರೆ ‘ಕೇ ಪಾಸಾ?’ ನಡುವೆ ಕರೆಂಟ್ ಹೋಗಿ ಮತ್ತೆ ಬಂದು ಕ್ಷಮೆ ಕೇಳಿದರೆ ‘ನೋ ಪಾಸಾ ನಾದಾ’. ಅಂದರೆ ಏನೂ ಆಗಿಲ್ಲ, ಇರಲಿ ಬಿಡು. ಇಷ್ಟಾದರೆ ಇದು ಸರಳ ಕ್ರಿಯಾಪದ. ಮೂಲ ರೂಪ ‘ಪಾಸಾರ್’. ನಾನು ಅಂದರೆ ‘ಪಾಸೊ’, ನೀನು ಅಂದರೆ ‘ಪಾಸಾಸ್’, ಅವನು, ಅವಳು, ಅದು ಎಲ್ಲಕ್ಕೂ ‘ಪಾಸಾ’, ನಾವು ‘ಪಾಸಾಮೊಸ್’, ಅವರು ‘ಪಾಸಾನ್’. ಹಾದುಹೋಗು, ದಾಟು, ಕಳೆ, ಆಗು, ಇಷ್ಟು ಅರ್ಥ ಬರೆದುಕೊಂಡೆ.

ಒಂದು ದಿನ ಅವರ ಮನೆಯ ಬಾಗಿಲಿಗೆ ಯಾರೋ ಬಂದರು. ಟೀಚರ್ ಕುರ್ಚಿಯಿಂದಲೇ ತಿರುಗಿ ‘ಪಾಸಾ, ಪಾಸಾ’ ಅಂದರು. ಬಂದವರು ಒಳಗೆ ಬಂದರು. ಬಾ ಅನ್ನುವುದಕ್ಕೆ ಬೇರೆ ಪದ ಇದೆಯಲ್ಲ ಅಂತ ಕೇಳಿದೆ. ಇದೆ, ಆದರೆ ಹೊಸ್ತಿಲ ಹತ್ತಿರ ನಿಂತವರಿಗೆ ‘ಪಾಸಾ’ ಅಂತಲೇ ಹೇಳುವುದು ಅಂದರು. ಹಿರಿಯರಿಗೆ, ಹೊಸಬರಿಗೆ ಆದರೆ ‘ಪಾಸೆ’.

ಆಗ ನನಗೆ ಥಟ್ಟನೆ ಹೊಳೆದದ್ದು ನಮ್ಮ ‘ನಡಿ’. ಬಾಗಿಲಲ್ಲಿ ನಿಂತವರಿಗೆ ನಾವೂ ‘ನಡಿ ಒಳಗ’ ಅನ್ನುತ್ತೇವೆ. ಹಿರಿಯರಿಗೆ ‘ನಡ್ರಿ ಒಳಗ’. ಏನೋ ಗದ್ದಲ ಆದರೆ ‘ಏನ್ ನಡದೈತಿ ಇಲ್ಲಿ?’ ಅಂತ ಕೇಳುತ್ತೇವೆ. ಕಾಲಲ್ಲಿ ನಡೆಯುವುದಕ್ಕೂ ಅದೇ ಪದ, ಘಟನೆ ನಡೆಯುವುದಕ್ಕೂ ಅದೇ ಪದ. ಅಷ್ಟೇ ಅಲ್ಲ, ‘ಅವರ ನಡೆ ಸರಿ ಇಲ್ಲ’ ಅಂದಾಗ ಅದೇ ‘ನಡೆ’ ನಾಮಪದ. ಆಗು, ಹೋಗು, ದಾಟು ಅಂತ ಬರೆದುಕೊಂಡಿದ್ದನ್ನು ಅಡ್ಡಗೀಟು ಹಾಕಿ ಪಕ್ಕದಲ್ಲಿ ದೊಡ್ಡದಾಗಿ ‘ನಡೆ’ ಅಂತ ಬರೆದೆ. ಎಲ್ಲ ಕಡೆ ಇದು ಹೊಂದುವುದಿಲ್ಲ ನಿಜ. ಕಾಲ ಕಳೆಯುವುದಕ್ಕೂ ಸ್ಪ್ಯಾನಿಷ್‌ನಲ್ಲಿ ‘ಪಾಸಾರ್’ ಬೇಕು, ನಮಗೆ ಅಲ್ಲಿ ‘ಕಳೆ’ ಬೇಕು. ಆದರೂ ಆ ದಿನದಿಂದ ಕ್ರಿಯಾಪದದ ಕಡೆ ನನಗೆ ಹೆದರಿಕೆ ಹೋಯಿತು.

ಒಣದ್ರಾಕ್ಷಿಯ ‘ಪಾಸಾ’ ಬಂದದ್ದು ಬೇರೆ ದಾರಿಯಲ್ಲಿ. ಸ್ವಲ್ಪ ಕಲಿತ ಮೇಲೆ ಅಜ್ಜನ ವಿಡಿಯೊಗೆ ವಾಪಸ್ ಹೋದೆ. ಈಗ ಪದಗಳು ಬಿಡಿಬಿಡಿಯಾಗಿ ಕಿವಿಗೆ ಸಿಗತೊಡಗಿದ್ದವು. ಅಜ್ಜ ಮಾತಿಗೊಂದು ಸಲ ‘ಪಾಸಾ’ ಅನ್ನುತ್ತಿದ್ದರು. ನಡೆಯುತ್ತದೆ, ನಡೆಯುತ್ತದೆ ಅಂತ ಜೋಡಿಸಿ ನೋಡಿದರೆ ಒಂದು ವಾಕ್ಯವೂ ಕೂಡಿಕೊಳ್ಳಲಿಲ್ಲ. ಆಗ ವಿಡಿಯೊದಲ್ಲಿದ್ದ ಡಬ್ಬಿಯ ಮೇಲಿನ ಅಕ್ಷರ ನೋಡಿದೆ. ‘ಪಾಸಾಸ್ ದೆ ಮಾಲಗಾ’. ಮಾಲಗಾದ ಒಣದ್ರಾಕ್ಷಿಗಳು. ‘ನೀನು’ ಅನ್ನುವಾಗ ಬರುವ ‘ಪಾಸಾಸ್’ ಇಲ್ಲಿ ಬಹುವಚನವಾಗಿ ಕೂತಿತ್ತು. ಒಂದೇ ರೂಪ, ಎರಡು ಕೆಲಸ.

ಸ್ಪ್ಯಾನಿಷ್ ಭಾಷೆಗೆ 1713ರಲ್ಲಿ ಶುರುವಾದ ಒಂದು ಅಕಾಡೆಮಿ ಇದೆ. ಅದರ ನಿಘಂಟು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಟೀಚರ್ ಅದನ್ನೇ ನೋಡು ಅಂದರು. ಶುರುವಿನಲ್ಲಿ ಕಷ್ಟ ಆಯಿತು, ಯಾಕೆಂದರೆ ಅರ್ಥವೂ ಸ್ಪ್ಯಾನಿಷ್‌ನಲ್ಲೇ ಇರುತ್ತದೆ. ಆದರೆ ಎರಡು ಅರ್ಥವೂ ಎಲ್ಲಿಂದ ಬಂದವು ಅಂತ ಬೆನ್ನು ಹತ್ತಿದಾಗ ಸಿಕ್ಕಿದ್ದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಲ್ಯಾಟಿನ್‌ನಲ್ಲಿ ‘ಪಾಂದೆರೆ’ ಅಂತ ಒಂದು ಕ್ರಿಯಾಪದ. ಹರಡು, ಚಾಚು, ಬಿಚ್ಚಿ ಹಾಸು ಅಂತ ಅದರ ಅರ್ಥ. ಅದರಿಂದ ‘ಪಾಸ್ಸುಸ್’, ಅಂದರೆ ಹರಡಿದ್ದು. ಹೆಣ್ಣು ರೂಪದಲ್ಲಿ ‘ಊವಾ ಪಾಸ್ಸಾ’, ಅಂದರೆ ಒಣಗಲು ಹರಡಿದ ದ್ರಾಕ್ಷಿ. ದ್ರಾಕ್ಷಿ ಅನ್ನುವ ಮಾತು ಬಿಟ್ಟುಹೋಗಿ ‘ಪಾಸಾ’ ಅಷ್ಟೇ ಉಳಿಯಿತು. ಇನ್ನೊಂದು ಕಡೆ ಅದೇ ‘ಪಾಂದೆರೆ’ಯಿಂದ ಹೆಜ್ಜೆ ಅನ್ನುವ ಪದವೂ ಬಂತು, ಅದೂ ‘ಪಾಸ್ಸುಸ್’. ಕಾಲು ಚಾಚಿದರೆ ತಾನೇ ಹೆಜ್ಜೆ? ಆ ಹೆಜ್ಜೆಯಿಂದ ದಾಟುವ ‘ಪಾಸಾರ್’ ಹುಟ್ಟಿತು. ನಮ್ಮೂರಲ್ಲಿ ದಿನಾ ಹೇಳುವ ಬಸ್ ಪಾಸ್, ಪರೀಕ್ಷೆ ಪಾಸು, ಪಾಸ್‌ಪೋರ್ಟ್ ಎಲ್ಲವೂ ಈ ಹೆಜ್ಜೆಯ ಮಕ್ಕಳೇ.

ಎರಡು ಬೇರೆ ಪದ ಅಂದುಕೊಂಡಿದ್ದವು ಬುಡದಲ್ಲಿ ಒಂದೇ ಕೆಲಸಕ್ಕೆ ಬಂದು ನಿಂತವು. ಹರಡುವುದು. ನಮ್ಮ ಶೆಡ್‌ನಲ್ಲಿ ನಡೆಯುವುದೂ ಅದೇ ಅಲ್ವಾ? ಗೊನೆ ತಂದ ಮೇಲೆ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತೇವೆ. ಕಾಯಿಯ ಮೈಮೇಲಿನ ಮೇಣ ಸಡಿಲಾಗಿ ಒಳಗಿನ ನೀರು ಬೇಗ ಹೊರಗೆ ಹೋಗಲಿ ಅಂತ. ಆಮೇಲೆ ಒಂದರ ಮೇಲೊಂದು ಕಟ್ಟಿದ ಜಾಳಿಗೆಯ ರ‍್ಯಾಕ್‌ಗಳ ಮೇಲೆ ಹರಡುತ್ತೇವೆ. ದಪ್ಪ ಹರಡಿದರೆ ನಡುವಿನದು ಒಣಗುವುದಿಲ್ಲ, ಬೂಜು ಬರುತ್ತದೆ. ತೆಳು ಹರಡಿದರೆ ಜಾಗ ಸಾಲುವುದಿಲ್ಲ. ಹದ ನೋಡಿ ಹರಡುವವರಿಗೆ ನಮ್ಮಲ್ಲಿ ಬೆಲೆ ಇದೆ. ಗಾಳಿ ಆಡಿದರೆ ಹದಿನೈದು ದಿನದ ಆಚೀಚೆ ಒಣಗುತ್ತದೆ. ಹೆಚ್ಚುಕಡಿಮೆ 4 ಕಿಲೊ ಹಸಿ ದ್ರಾಕ್ಷಿಗೆ 1 ಕಿಲೊ ಮಣೂಕ. ಹರಡುವ ಕೈಗೆ ಹಣ್ಣಿನ ಹೆಸರಿನಲ್ಲೇ ಜಾಗ ಕೊಟ್ಟ ಭಾಷೆ ಇದು ಅನ್ನಿಸಿ, ಅವತ್ತು ಈ ವಿಷಯವನ್ನು ಅಣ್ಣನಿಗೂ ಅತ್ತಿಗೆಗೂ ಕೂರಿಸಿಕೊಂಡು ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಅವರೂ ನಮ್ಮಂಗ ಹರವೋ ಮಂದೀನ’ ಅಂದ.

ಅರ್ಥ ಗೊತ್ತಾದರೆ ಕಲಿತಂತೆ ಅಲ್ಲ. ಕೇಳಿದ ಕೂಡಲೇ ಇದು ಯಾವ ‘ಪಾಸಾ’ ಅಂತ ತಿಳಿಯಬೇಕು. ನನಗೆ ಜಾಸ್ತಿ ಸಮಯ ಹಿಡಿದದ್ದು ಇಲ್ಲೇ.

ಮೊದಲ ದಾರಿ, ಹಿಂದಿನ ಸಣ್ಣ ಪದ ನೋಡುವುದು. ಕನ್ನಡದಲ್ಲಿ ಪದದ ಬಾಲ ನೋಡಿದರೆ ಅದರ ಕೆಲಸ ಗೊತ್ತಾಗುತ್ತದೆ. ‘ಹಾಡನ್ನು’ ಅಂದರೆ ನಾಮಪದ, ‘ಹಾಡಿದಳು’ ಅಂದರೆ ಕ್ರಿಯೆ. ಸ್ಪ್ಯಾನಿಷ್ ನಾಮಪದಕ್ಕೆ ನಮ್ಮ ಹಾಗೆ ವಿಭಕ್ತಿ ಇಲ್ಲ. ಅದರ ಬದಲು ಮುಂದೆ ಒಂದು ಗುರುತು ನಿಲ್ಲುತ್ತದೆ. ‘ಊನಾ ಪಾಸಾ’ ಅಂದರೆ ಒಂದು ಒಣದ್ರಾಕ್ಷಿ. ‘ಲಾ ಪಾಸಾ’ ಅಂದರೆ ಆ ಒಣದ್ರಾಕ್ಷಿ. ‘ಲಾಸ್ ಪಾಸಾಸ್’ ಅಂದರೆ ಆ ಒಣದ್ರಾಕ್ಷಿಗಳು. ಮುಂದೆ ಏನೂ ಇಲ್ಲದಿದ್ದರೆ, ಅಥವಾ ‘ಕೇ’, ‘ನೋ’ ಇದ್ದರೆ ಹೆಚ್ಚಾಗಿ ಕ್ರಿಯಾಪದ. ‘ಎಲ್ ತ್ಯೆಂಪೊ ಪಾಸಾ’, ಕಾಲ ಸರಿಯುತ್ತದೆ. ‘ಎಲ್ ತ್ರೆನ್ ಪಾಸಾ’, ರೈಲು ಹಾದುಹೋಗುತ್ತದೆ. ಇದನ್ನು ಹಿಡಿದುಕೊಂಡು ಹೋದರೆ ಬಹಳ ವಾಕ್ಯ ಸುಲಿದ ಬಾಳೆಹಣ್ಣಿನ ಹಾಗೆ ಬಿಚ್ಚಿಕೊಳ್ಳುತ್ತವೆ.

ಆದರೆ ಒಂದು ಮೆಕ್ಸಿಕೊ ವಿಡಿಯೊದಲ್ಲಿ ಈ ದಾರಿ ನಿಂತುಹೋಯಿತು. ಒಬ್ಬಳು ತನ್ನ ಅಜ್ಜಿಯ ಬಗ್ಗೆ ಹೇಳುತ್ತಾ ‘ಲಾ ಪಾಸಾ ಬ್ಯೆನ್’ ಅಂದಳು. ‘ಬ್ಯೆನ್’ ಅಂದರೆ ಚೆನ್ನಾಗಿ. ಒಣದ್ರಾಕ್ಷಿ ಚೆನ್ನಾಗಿ? ಅಲ್ಲಿ ದ್ರಾಕ್ಷಿಯ ಮಾತೇ ಇರಲಿಲ್ಲ. ಟೀಚರ್ ಬಿಡಿಸಿ ಹೇಳಿದರು. ಲ್ಯಾಟಿನ್ ಅಮೆರಿಕದ ಕಡೆ ‘ಲಾ ಪಾಸಾ ಬ್ಯೆನ್’ ಅಂದರೆ ಅವಳು ಖುಷಿಯಾಗಿ ಇದ್ದಾಳೆ, ಚೆನ್ನಾಗಿ ಕಾಲ ಕಳೆಯುತ್ತಿದ್ದಾಳೆ ಅಂತ. ಸ್ಪೇನ್‌ನಲ್ಲಿ ‘ಲೋ ಪಾಸಾ ಬ್ಯೆನ್’ ಅನ್ನುತ್ತಾರೆ. ಇಲ್ಲಿಯ ‘ಲಾ’ ನಾಮಪದದ ಗುರುತಲ್ಲ. ಅದು ‘ಅದನ್ನು’ ಅನ್ನುವ ಸರ್ವನಾಮ.

ಆಮೇಲೆ ಅವರು ನಮ್ಮ ಕೆಲಸಕ್ಕೇ ಹೊಂದುವ ಒಂದು ವಾಕ್ಯ ಕೊಟ್ಟರು: ‘ತೋಮಾ ಲಾ ಕಾಹಾ ಇ ಲಾ ಪಾಸಾ’. ಬಾಕ್ಸ್ ತಗೊಳ್ಳುತ್ತಾನೆ, ಅದನ್ನು ಮುಂದಿನವರಿಗೆ ದಾಟಿಸುತ್ತಾನೆ. ‘ಕಾಹಾ’ ಅಂದರೆ ಬಾಕ್ಸ್. ಅದು ಅಲ್ಲಿ ಹೆಣ್ಣು ಪದ, ಅದಕ್ಕೇ ‘ಲಾ’. ಒಂದೇ ವಾಕ್ಯದಲ್ಲಿ ಎರಡು ‘ಲಾ’. ಮೊದಲನೆಯದು ಬಾಕ್ಸಿನ ಗುರುತು, ಎರಡನೆಯದು ‘ಅದನ್ನು’. ಮಣೂಕ ತೂಕ ಮಾಡಿ ಬಾಕ್ಸ್ ತುಂಬುವ ದಿನ ನಮ್ಮ ಶೆಡ್‌ನಲ್ಲಿ ಆಳುಗಳು ಸಾಲಾಗಿ ನಿಂತು ಹೀಗೇ ಮಾಡುತ್ತಾರೆ. ಆ ಸಾಲು ಕಣ್ಣಮುಂದೆ ಇಟ್ಟುಕೊಂಡರೆ ವಾಕ್ಯ ಮರೆಯುವುದೇ ಇಲ್ಲ.

ಇನ್ನೂ ಬಿಗಿಯಾದ ಒಂದು ಜೋಡಿ ಇದೆ. ‘ಲಾ ಪಾಸಾ ದೆ ಮಾಲಗಾ’, ಮಾಲಗಾದ ಒಣದ್ರಾಕ್ಷಿ. ‘ಲಾ ಪಾಸಾ ದೆ ಮಾನೊ ಎನ್ ಮಾನೊ’, ಅದನ್ನು ಕೈಯಿಂದ ಕೈಗೆ ದಾಟಿಸುತ್ತಾನೆ. ಮೊದಲ ಮೂರು ಪದ ಎರಡರಲ್ಲೂ ಒಂದೇ. ಅಲ್ಲಿಯವರೆಗೆ ಕೇಳಿದರೂ ಇದು ಹಣ್ಣೋ ಕೆಲಸವೋ ಗೊತ್ತಾಗುವುದಿಲ್ಲ. ಪೂರ್ತಿ ವಾಕ್ಯ ಬರುವವರೆಗೆ ಕಾಯಬೇಕು.

ಹಾಗಾಗಿ ನಾನು ಇನ್ನೊಂದು ದಾರಿ ಹಿಡಿದೆ. ವಾಕ್ಯದಲ್ಲಿ ಬೇರೆ ಕ್ರಿಯಾಪದ ಇದೆಯಾ ಅಂತ ಮೊದಲು ಹುಡುಕುವುದು. ‘ಲಾ ಪಾಸಾ ಎಸ್ ದುಲ್ಸೆ’ ಅಂದರೆ ಒಣದ್ರಾಕ್ಷಿ ಸಿಹಿ. ಇಲ್ಲಿ ‘ಎಸ್’ ಕ್ರಿಯೆಯ ಕೆಲಸ ಮಾಡುತ್ತಿದೆ, ಆದ್ದರಿಂದ ‘ಪಾಸಾ’ ಹಣ್ಣು. ‘ಲಾ ಪಾಸಾ ಬ್ಯೆನ್’ನಲ್ಲಿ ಬೇರೆ ಕ್ರಿಯೆ ಇಲ್ಲ, ಆದ್ದರಿಂದ ‘ಪಾಸಾ’ಯೇ ಕ್ರಿಯೆ. ಸಣ್ಣ ಪದ ನೋಡುವುದಕ್ಕಿಂತ ಇದು ನಂಬಿಕೆಯ ದಾರಿ. ಸ್ಪ್ಯಾನಿಷ್ ಹೊಸದಾಗಿ ಕಲಿಯುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಪದಪಟ್ಟಿ ಉರು ಹೊಡೆಯುವುದಕ್ಕಿಂತ ವಾಕ್ಯದ ಬೆನ್ನೆಲುಬು ಹುಡುಕುವ ಅಭ್ಯಾಸ ಬೇಗ ಕೈಹಿಡಿಯುತ್ತದೆ.

ಓದುವಾಗ ಇಷ್ಟು ಸಾಕು. ಕೇಳುವಾಗ ಮಾಲಗಾದವರು ಇನ್ನೊಂದು ಪರೀಕ್ಷೆ ಇಡುತ್ತಾರೆ. ಆ ಕಡೆಯ ಆಂದಾಲೂಸಿಯಾ ಮಾತಿನಲ್ಲಿ ಪದದ ಕೊನೆಯ ‘ಸ್’ ಸರಿಯಾಗಿ ಕೇಳಿಸುವುದಿಲ್ಲ. ಉಸಿರಿನಂತೆ ಹಾರಿಹೋಗುತ್ತದೆ, ಕೆಲವು ಸಲ ಇರುವುದೇ ಇಲ್ಲ. ‘ಲಾಸ್ ಪಾಸಾಸ್’ ಅನ್ನುವುದು ‘ಲಾ ಪಾಸಾ’ದ ಹತ್ತಿರಕ್ಕೆ ಬರುತ್ತದೆ. ಒಂದೋ, ಹಲವೋ, ನೀನೋ, ಅವನೋ, ಎಲ್ಲ ಒಂದೇ ಸದ್ದು. ಅಜ್ಜನ ಮಾತು ಮೊದಲು ನನಗೆ ಬರೀ ‘ಪಾಸಾ ಪಾಸಾ’ ಅಂತ ಕೇಳಿಸಿದ್ದಕ್ಕೆ ಇದೇ ಕಾರಣ. ನಮ್ಮ ಕಡೆ ‘ಬರ‍್ತೀನಿ’, ‘ಬರ‍್ತೀನ್ರಿ’, ‘ಬರ‍್ತೇನಿ’ ಅಂತ ಊರಿಗೊಂದು ಥರ ಕೇಳಿ ಬೆಳೆದ ಕಿವಿ ನಮ್ಮದು. ಹೊಂದಿಕೊಳ್ಳಲು ಹೊತ್ತು ಬೇಕಷ್ಟೇ. ಅದೇ ವಿಡಿಯೊವನ್ನು ನಿಧಾನ ಮಾಡಿ, ವಾಕ್ಯ ವಾಕ್ಯವಾಗಿ ನಿಲ್ಲಿಸಿ ಕೇಳಿದೆ. ಕೇಳಿದ್ದನ್ನು ಬರೆದು ಟೀಚರ್‌ಗೆ ಕಳಿಸಿದೆ. ಅವರು ಕೆಂಪು ಅಕ್ಷರದಲ್ಲಿ ‘ಸ್’ ಸೇರಿಸಿ ವಾಪಸ್ ಕಳಿಸುತ್ತಿದ್ದರು. ನಿಧಾನಕ್ಕೆ ಆ ಕೆಂಪು ಕಡಿಮೆಯಾಗುತ್ತಾ ಬಂತು.

ಒಂದು ಪದ ಹಿಡಿದರೆ ಅದರ ಮನೆಮಂದಿಯೆಲ್ಲ ಬರುತ್ತಾರೆ. ‘ಪಾಸೊ’ ಅಂದರೆ ಹೆಜ್ಜೆ, ‘ಪಾಸೊ’ ಅಂದರೆ ನಾನು ದಾಟುತ್ತೇನೆ. ‘ಪಾಸೆ’ ಅಂದರೆ ಪಾಸು, ಬಸ್ಸಿನದೂ ಆಗಬಹುದು, ಫುಟ್‌ಬಾಲ್‌ನದೂ ಆಗಬಹುದು. ಹಾಗೆಯೇ ‘ಒಳಗೆ ನಡೀರಿ’ ಕೂಡ. ‘ಪಾಸೆಓ’ ಅಂದರೆ ತಿರುಗಾಟ, ಜೊತೆಗೆ ನಾನು ತಿರುಗಾಡುತ್ತೇನೆ. ಎಲ್ಲವೂ ಎರಡೆರಡು ಕೆಲಸದವು. ಒತ್ತು ಎಲ್ಲಿ ಬೀಳುತ್ತದೆ ಅನ್ನುವುದೂ ಮುಖ್ಯ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟರೆ ‘ಪಾಸೊ’ ಹೆಜ್ಜೆ. ಕೊನೆಗೆ ಒತ್ತು ಕೊಟ್ಟು ‘ಪಾಸೋ’ ಅಂದರೆ ಆಗಿಹೋಯಿತು. ಬರೆಯುವಾಗ ಆ ಕೊನೆಯ ಅಕ್ಷರದ ತಲೆ ಮೇಲೆ ಸಣ್ಣ ಗೀಟು ಇರುತ್ತದೆ. ಆ ಗೀಟನ್ನು ಸುಮ್ನೆ ಅಲಂಕಾರ ಅಂತ ಬಿಡಬಾರದು.

ಈ ಗುಂಪಿನಲ್ಲಿ ನನಗೆ ಇಷ್ಟವಾದದ್ದು ‘ಪಾಸೆರೊ’. ಮಾಲಗಾದಲ್ಲಿ ಒಣದ್ರಾಕ್ಷಿ ಹರಡುವ ಇಳಿಜಾರಿನ ಕಣಕ್ಕೆ ಈ ಹೆಸರು. ದಕ್ಷಿಣಕ್ಕೆ ಮುಖ ಮಾಡಿ, ಜಾಸ್ತಿ ಬಿಸಿಲು ಬೀಳುವ ಹಾಗೆ ಮಾಡಿರುತ್ತಾರೆ. ತುಂಬಾ ಸುಕ್ಕುಗಟ್ಟಿದ ಮುಖದವರನ್ನು ‘ಏಚೊ ಊನಾ ಪಾಸಾ’ ಅನ್ನುತ್ತಾರಂತೆ, ಒಣದ್ರಾಕ್ಷಿ ಆಗಿಬಿಟ್ಟಿದ್ದಾರೆ ಅಂತ. ಅವ್ವನಿಗೆ ಇದನ್ನು ಹೇಳಿದಾಗ ತನ್ನ ಕೈ ನೋಡಿಕೊಂಡು, ‘ಖರೇ ಐತಿ, ಆದ್ರ ಮಣೂಕಕ್ಕ ರೇಟ್ ಜಾಸ್ತಿ’ ಅಂದಳು.

ಮನೆಯಲ್ಲಿ ಅಭ್ಯಾಸಕ್ಕೆ ಜೊತೆಯಾದವನು ಅಣ್ಣನ ಮಗ. ಅವನು ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು ‘ಅತ್ತಿ, ಕೇ ಪಾಸಾ?’ ಅನ್ನುವುದು, ನಾನು ಒಳಗಿನಿಂದ ‘ಪಾಸಾ, ಪಾಸಾ’ ಅನ್ನುವುದು ಆಟವಾಯಿತು. ಆಮೇಲೆ ಅವನೇ ಮುಷ್ಟಿ ಚಾಚಿ ‘ಊನಾ ಪಾಸಾ!’ ಅನ್ನಲು ಶುರುಮಾಡಿದ. ನಾನು ಹೇಳಿಕೊಡದೆಯೇ ‘ಊನಾ’ ಸೇರಿಸಿದರೆ ಹಣ್ಣು, ಸೇರಿಸದಿದ್ದರೆ ಬಾಗಿಲು ಅಂತ ಅವನ ಬಾಯಿಗೆ ಗೊತ್ತಾಗಿತ್ತು. ಮಕ್ಕಳು ವ್ಯಾಕರಣ ಕೇಳುವುದಿಲ್ಲ, ಹೀಗೆ ಹೇಳಿದರೆ ಏನು ಸಿಗುತ್ತದೆ ಅಂತ ನೋಡುತ್ತಾರೆ. ನಾನೂ ಅವನ ದಾರಿಯನ್ನೇ ಸ್ವಲ್ಪ ತಗೊಂಡೆ. ಮಣೂಕ ಆರಿಸುವ ಹೆಂಗಸರ ಜೊತೆ ಕೂತಾಗ ಮನಸ್ಸಿನಲ್ಲೇ ವಾಕ್ಯ ಮಾಡುತ್ತಿದ್ದೆ. ಕಪ್ಪಾದದ್ದು ಸಿಕ್ಕರೆ ‘ಊನಾ ಪಾಸಾ ನೇಗ್ರಾ’. ಟ್ರ್ಯಾಕ್ಟರ್ ಹೋದರೆ ‘ಪಾಸಾ ಎಲ್ ತ್ರಾಕ್ತೋರ್’. ಕಣ್ಣಿಗೆ ಕಂಡದ್ದಕ್ಕೇ ವಾಕ್ಯ ಕಟ್ಟಿದರೆ ಪದ ನಾಲಿಗೆಗೆ ಬೇಗ ಬರುತ್ತದೆ.

ಹೀಗೆ ಕೂತಿದ್ದಾಗಲೇ ನಮ್ಮ ಮಾತಿನಲ್ಲಿ ಇಂಥವು ಎಷ್ಟಿವೆ ಅಂತ ಲೆಕ್ಕ ಹಾಕತೊಡಗಿದೆ. ‘ಆರು’ ಅಂದರೆ ಸಂಖ್ಯೆ, ‘ಆರು’ ಅಂದರೆ ಒದ್ದೆ ಹೋಗಿ ಒಣಗು. ಶೆಡ್‌ನಲ್ಲಿ ‘ಆರು ರ‍್ಯಾಕ್ ಆರ‍್ಯಾವು’ ಅಂದರೆ ಯಾರೂ ತಬ್ಬಿಬ್ಬಾಗುವುದಿಲ್ಲ. ‘ಕಳೆ’ ಅಂದರೆ ಹೊಲದ ಕಸ, ‘ಕಳೆ’ ಅಂದರೆ ಮುಖದ ಕಾಂತಿ, ‘ಕಳೆ’ ಅಂದರೆ ದಿನ ಕಳೆ. ‘ಏಳು’, ‘ಹತ್ತು’ ಎರಡೂ ಎಣಿಕೆ, ಎರಡೂ ಕೆಲಸ. ಇವನ್ನೆಲ್ಲ ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ. ಮಾತಿನ ನಡುವೆ ಬಂದವು, ಮಾತೇ ಬಿಡಿಸಿಕೊಟ್ಟಿತು. ಹಾಗಾದರೆ ‘ಪಾಸಾ’ಕ್ಕೂ ಬೇಕಾದದ್ದು ಜಾಸ್ತಿ ಮಾತು. ಅಲ್ಲಿಂದ ಪಾಠದಲ್ಲಿ ವ್ಯಾಕರಣದ ಹೊತ್ತು ಕಡಿಮೆ ಮಾಡಿ ನಮ್ಮಿಬ್ಬರ ಊರಿನ ಒಣದ್ರಾಕ್ಷಿಯ ಬಗ್ಗೆಯೇ ಮಾತಾಡೋಣ ಅಂತ ಕೇಳಿಕೊಂಡೆ. ಟೀಚರ್ ಖುಷಿಯಿಂದ ಒಪ್ಪಿದರು.

ಅವರು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ. ಮಾಲಗಾದ ಪೂರ್ವಕ್ಕಿರುವ ಆಕ್ಸಾರ್ಕೀಆ ಅನ್ನುವ ಗುಡ್ಡಗಾಡು ಈ ಒಣದ್ರಾಕ್ಷಿಯ ನಾಡು. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅಲ್ಲಿಯ ಒಣದ್ರಾಕ್ಷಿ ಪದ್ಧತಿಯನ್ನು ಜಗತ್ತಿನ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು. ತಳಿ ಮೋಸ್ಕಾತೆಲ್. ಕಾಯಿ ದಪ್ಪ, ಒಳಗೆ ಬೀಜ ಇರುತ್ತದೆ. ನಮ್ಮ ಥಾಮ್ಸನ್‌ನಲ್ಲಿ ಬೀಜ ಇಲ್ಲ. ಗುಡ್ಡ ಎಷ್ಟು ಕಡಿದು ಅಂದರೆ ಹಲವು ಕಡೆ ಟ್ರ್ಯಾಕ್ಟರ್ ಹತ್ತುವುದಿಲ್ಲ, ಹೇಸರಗತ್ತೆಯ ಮೇಲೆ ಬುಟ್ಟಿ ಹೇರುತ್ತಾರೆ. ಕೊಯ್ಲು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಯಾವ ನೀರಿನಲ್ಲೂ ಅದ್ದದೆ ಹಾಗೇ ಬಿಸಿಲಿಗೆ ಹಾಕುತ್ತಾರೆ. ಒಂದು ಮಗ್ಗಲು ಒಣಗಿದ ಮೇಲೆ ಗೊನೆ ಮಗುಚುತ್ತಾರೆ. ಆಮೇಲೆ ಕತ್ತರಿ ಹಿಡಿದು ಕಾಯಿ ಬಿಡಿಸುತ್ತಾರೆ. ಎಲ್ ಬೋರ್ಹೆ ಅನ್ನುವ ಸಣ್ಣ ಊರಿನಲ್ಲಿ ಸೆಪ್ಟೆಂಬರ್‌ನಲ್ಲಿ ‘ದೀಆ ದೆ ಲಾ ಪಾಸಾ’ ಅಂತ 1 ದಿನದ ಹಬ್ಬವೇ ಇದೆ, ಒಣದ್ರಾಕ್ಷಿಯ ದಿನ.

ಬಿಸಿಲಿಗೆ ಯಾಕೆ ಅನ್ನುವ ನನ್ನ ಮೊದಲ ಪ್ರಶ್ನೆಗೂ ಉತ್ತರ ಸಿಕ್ಕಿತು. ಅವರಿಗೆ ಬೇಕಾದದ್ದು ಕಪ್ಪು ನೇರಳೆ ಬಣ್ಣದ, ಮೆತ್ತಗಿನ, ವಾಸನೆ ಉಳಿದ ಕಾಯಿ. ನಮ್ಮ ಸಾಂಗ್ಲಿ, ತಾಸಗಾಂವ ಪೇಟೆಯಲ್ಲಿ ಬೆಲೆ ಸಿಗುವುದು ಹಸಿರು, ಹಳದಿ ಬಣ್ಣಕ್ಕೆ. ಬೇಕಾದ ಬಣ್ಣವೇ ಬೇರೆ, ಅದಕ್ಕೆ ಒಣಗಿಸುವ ರೀತಿಯೂ ಬೇರೆ. ಅಜ್ಜ ಗೊನೆ ಮಗುಚುತ್ತಾ ಹೇಳುತ್ತಿದ್ದದ್ದೂ ಇದನ್ನೇ. ಈಗ ಆ ವಿಡಿಯೊ ನೋಡಿದರೆ ಅವರ ಮಾತು ತಡೆಯಿಲ್ಲದೆ ತಿಳಿಯುತ್ತದೆ.

ಹೋದ ಸುಗ್ಗಿಯಲ್ಲಿ ಫೋನ್ ಹಿಡಿದು ಟೀಚರ್‌ಗೆ ನಮ್ಮ ಶೆಡ್ ತೋರಿಸಿದೆ. ರ‍್ಯಾಕ್, ಅದ್ದುವ ತೊಟ್ಟಿ, ಹರಡುವ ಹೆಂಗಸರು, ಎಲ್ಲ. ನೋಡುತ್ತಾ ನೋಡುತ್ತಾ ಅವರು ಕೇಳಿದರು: ‘ಈ ಕೇ ಪಾಸಾ ಕೋನ್ ಲಾಸ್ ಪಾಸಾಸ್ ಸಿ ಯ್ವೇವೆ?’ ಮಳೆ ಬಂದರೆ ಒಣದ್ರಾಕ್ಷಿಗೆ ಏನಾಗುತ್ತದೆ? ಒಂದೇ ವಾಕ್ಯದಲ್ಲಿ ಎರಡೂ. ಪಾಠಕ್ಕೆ ಅಂತ ಕಟ್ಟಿದ ವಾಕ್ಯ ಅಲ್ಲ. ತಮ್ಮ ಊರಿನ ಚಿಂತೆಯನ್ನೇ ಅವರು ನಮ್ಮ ಬಗ್ಗೆ ಕೇಳಿದ್ದು. ನಾನು ಬಿಡಿಸುತ್ತಾ ಕೂರಲಿಲ್ಲ. ಕೇಳಿದ ಕೂಡಲೇ ಉತ್ತರ ಬಾಯಿಗೆ ಬಂತು: ‘ಸಿ ಯ್ವೇವೆ, ಲಾಸ್ ಪಾಸಾಸ್ ಸೆ ಪೋನೆನ್ ನೇಗ್ರಾಸ್’. ಮಳೆ ಬಂದರೆ ಮಣೂಕ ಕಪ್ಪಾಗುತ್ತದೆ. ಮಾರ್ಚ್‌ನಲ್ಲಿ ಅಕಾಲಿಕ ಮಳೆ ಬಿದ್ದರೆ ರಾತ್ರೋರಾತ್ರಿ ಶೆಡ್‌ನ ಸುತ್ತ ತಾಡಪತ್ರಿ ಇಳಿಬಿಡುತ್ತೇವೆ ಅಂತ ತಾಡಪತ್ರಿಯನ್ನೇ ಎಳೆದು ತೋರಿಸಿದೆ. ಅವರ ಊರಿನಲ್ಲೂ ರಾತ್ರಿ ಇಬ್ಬನಿ ಬೀಳುತ್ತದೆ ಅಂತ ಪಾಸೆರೊಗಳ ಮೇಲೆ ಬಟ್ಟೆ ಎಳೆಯುತ್ತಾರಂತೆ, ಅದಕ್ಕೆ ‘ತೋಲ್ದೊ’ ಅನ್ನುತ್ತಾರೆ.

ಆ ಪಾಠ ಮುಗಿಯುವಾಗ ಅವರು ಮುಂದಿನ ಪದ ಕೊಟ್ಟರು: ‘ಕ್ವೆಂತಾ’. ನಾಮಪದವಾದರೆ ಲೆಕ್ಕ, ಬಿಲ್ಲು. ಕ್ರಿಯಾಪದವಾದರೆ ಎಣಿಸುತ್ತಾಳೆ, ಇಲ್ಲವೇ ಕಥೆ ಹೇಳುತ್ತಾಳೆ. ಸುಗ್ಗಿಯ ಕೂಲಿ ಬರೆಯುವ ಲೆಕ್ಕದ ಪುಸ್ತಕ ನನ್ನ ಎದುರಿಗೇ ಇತ್ತು. ಅದರ ಕೊನೆಯ ಹಾಳೆಯಲ್ಲಿ ಅವತ್ತೇ ಶುರು ಮಾಡಿದೆ.